ಸರ್ವರಿಗೂ ಗೊತ್ತಿರಬಾರದ ಪಾಸ್‌ವರ್ಡ್

1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಬೇರೆ ಬೇರೆ ಟರ್ಮಿನಲ್‌ಗಳಿಂದ ಬಳಸುತ್ತಿದ್ದರು. ಒಬ್ಬರ ಫೈಲನ್ನು ಇನ್ನೊಬ್ಬರು ನೋಡದಿರಲೆಂದು ಫರ್ನಾಂಡೊ ಕೊರ್ಬಾಟೊ ತಂಡ ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಕೊಟ್ಟಿತು. ಆದರೆ ಅವೆಲ್ಲವೂ ಒಂದೇ ಫೈಲಿನಲ್ಲಿ, ಇದ್ದದ್ದು ಇದ್ದಂತೆಯೇ ಇದ್ದವು.

ವಾರಕ್ಕೆ ಕೊಟ್ಟ ನಾಲ್ಕು ಗಂಟೆ ಸಾಲದೆ, 1962ರಲ್ಲಿ ಸಂಶೋಧಕ ಅಲನ್ ಶೆರ್ ಆ ಫೈಲನ್ನೇ ಪ್ರಿಂಟ್ ಹಾಕಿಸಿದರು. 1966ರಲ್ಲಿ ಎರಡು ಫೈಲು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಅಂದಿನ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡ್ ಕಾಣಿಸಿತು.

1979ರಲ್ಲಿ ರಾಬರ್ಟ್ ಮಾರಿಸ್, ಕೆನ್ ಥಾಂಪ್ಸನ್ ವಿವರಿಸಿದ ಯುನಿಕ್ಸ್ ಪದ್ಧತಿ ಬೇರೆ: ಪಾಸ್‌ವರ್ಡನ್ನು ಬೀಸಿ ಹಿಟ್ಟನ್ನಷ್ಟೇ ಇಡುವುದು. ಹಿಟ್ಟು ಮತ್ತೆ ರಾಗಿಯಾಗದು. ನಾವು ಒತ್ತಿದ್ದನ್ನೂ ಬೀಸಿ ತಾಳೆ ನೋಡಿದರೆ ಸಾಕು.

ಸರಿಯಾಗಿ ಕಟ್ಟಿದ ಸರ್ವರಿಗೇ ನಮ್ಮ ಪಾಸ್‌ವರ್ಡ್ ಗೊತ್ತಿರುವುದಿಲ್ಲ. ಹಾಗಿರುವಾಗ ಫೋನ್ ಮಾಡಿ ಕೇಳುವವರಿಗೆ ನಾವೇಕೆ ಹೇಳಬೇಕು?