ಕೊಹಿನೂರ್: ಮಿನುಗಿಗೆ ತೆತ್ತ ಬೆಲೆ

ವಜ್ರ ಅಂದ ಕೂಡಲೇ ನಾವು ಕೇಳೋದು ‘ಎಷ್ಟು ಕ್ಯಾರಟ್?’ ಅಂತ. ಆದರೆ ತೂಕವೊಂದೇ ಗುಣವೇ?

1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಕೊಹಿನೂರ್ ಇಟ್ಟಾಗ ಜನ ಮುಗಿಬಿದ್ದು ನೋಡಿದರು, ನಿರಾಸೆಯಿಂದ ಮರಳಿದರು. ಅದು ಅವರೆಣಿಸಿದಂತೆ ಹೊಳೆಯಲೇ ಇಲ್ಲ! ದೋಷ ಕಲ್ಲಿನದ್ದಲ್ಲ. ಭಾರತದ ಕುಶಲಕರ್ಮಿಗಳು ಕಲ್ಲಿನ ಮೂಲ ಆಕಾರ ಅನುಸರಿಸಿ, ತೂಕ ಆದಷ್ಟೂ ಉಳಿಯುವಂತೆ ಉಜ್ಜುತ್ತಿದ್ದರು. ಯುರೋಪಿನವರಿಗೆ ಬೇಕಿದ್ದದ್ದು ಮಿನುಗು.

ಹಾಗಾಗಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ 1852ರಲ್ಲಿ ಅದನ್ನು ಮತ್ತೆ ಕತ್ತರಿಸಲು ಹಾಲೆಂಡಿನ ಕಸುಬುದಾರರನ್ನು ಕರೆಸಿದ. 38 ದಿನಗಳ ಕೆಲಸ. ಇಂದಿನ ಅಳತೆಯಲ್ಲಿ ಸುಮಾರು 191 ಕ್ಯಾರಟ್ ಇದ್ದ ಕಲ್ಲು 105.6ಕ್ಕೆ ಇಳಿದು, ಮೊಟ್ಟೆಯಾಕಾರ ತಾಳಿತು.

ಯಾವ ಕೋನದಲ್ಲಿ ಕತ್ತರಿಸಿದರೆ ಒಳಹೊಕ್ಕ ಬೆಳಕು ತಳದಿಂದ ಸೋರದೆ ಮೇಲಕ್ಕೇ ಮರಳುತ್ತದೆ ಅನ್ನೋದನ್ನು ಮಾರ್ಸೆಲ್ ಟೋಲ್ಕೋವ್‌ಸ್ಕಿ ಗಣಿತದಿಂದ ತೋರಿಸಿದ್ದು 1919ರಲ್ಲಿ. ಇವತ್ತು ವಜ್ರದ ಗುಣ ಅಳೆಯುವುದು ನಾಲ್ಕರಿಂದ: ತೂಕ, ಬಣ್ಣ, ಸ್ವಚ್ಛತೆ, ಕತ್ತರಿಸಿದ ರೀತಿ. ಮೊದಲ ಮೂರನ್ನು ಬಹುಪಾಲು ಭೂಮಿಯೇ ಕೊಡುತ್ತದೆ, ಕೊನೆಯದು ಮಾತ್ರ ಪೂರ್ತಿ ಮನುಷ್ಯನ ಕೈಕೆಲಸ.

ಟೆಹರಾನಿನಲ್ಲಿರುವ ದರಿಯಾ-ಇ-ನೂರ್ ಇನ್ನೂ ಹಳೆಯ ಚಪ್ಪಟೆ ಆಕಾರದಲ್ಲೇ ಇದೆ. ಕೊಹಿನೂರಿನ ಮೇಲಿದ್ದ ನಮ್ಮವರ ಕೈಗುರುತು ಮಾತ್ರ ಆ 85 ಕ್ಯಾರಟ್‌ಗಳ ಜೊತೆ ಪುಡಿಯಾಗಿ ಹೋಯಿತು. ಮಿನುಗಿಗೆ ಇದು ತೀರಾ ದುಬಾರಿ ಬೆಲೆ ಅಂತ ನನಗನ್ನಿಸುತ್ತೆ. ನೀವೇನಂತೀರಿ?