ಗೇಟು ಹಾಕಿದ ಮೈದಾನ

ಕಳೆದ ಡಿಸೆಂಬರಿನಲ್ಲಿ ಮೊಮ್ಮಗಳ ಶಾಲೆಯ ಕ್ರೀಡಾದಿನಕ್ಕೆ ಹೋಗಿದ್ದೆ. ಮುಂಬಯಿಯ ಒಂದು ಕಾನ್ವೆಂಟಿನ ಪ್ರಾಥಮಿಕ ವಿಭಾಗ. ನಾಲ್ಕು ಬಣ್ಣದ ಟೀ ಶರ್ಟು ತೊಟ್ಟ ಮಕ್ಕಳು ಸಾಲಾಗಿ ನಿಂತಿದ್ದರು. ಓಟಗಳು ಶುರುವಾಗುವ ಮೊದಲು ಸಿಸ್ಟರ್ ಒಬ್ಬರು ಮೈಕಿನಲ್ಲಿ ಪುಟ್ಟ ಪ್ರಾರ್ಥನೆ ಹೇಳಿದರು. ಯಾರಿಗೂ ಪೆಟ್ಟಾಗದಿರಲಿ, ಸೋತವರೂ ನಗುತ್ತ ಮನೆಗೆ ಹೋಗಲಿ ಎಂಬ ಅರ್ಥದ್ದು. ಪಕ್ಕದಲ್ಲಿ ಕುಳಿತಿದ್ದ ಹುಡುಗಿಯಂಥ ತಾಯಿಯೊಬ್ಬಳು, "ಓಟಕ್ಕೂ ದೇವರಿಗೂ ಏನು ಸಂಬಂಧ ಆಂಟಿ?" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಇಂಥದೇ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟು ಬರಲಾಗಲಿಲ್ಲ.

ಸಂಬಂಧ ಬಹಳ ಹಳೆಯದು. ಸಂತ ಪೌಲನು ಕೊರಿಂಥದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಓಟಗಾರರ ಮಾತು ಬರುತ್ತದೆ. ಆ ಪಟ್ಟಣದ ಹತ್ತಿರವೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿದ್ದುದರಿಂದ ಓದಿದವರಿಗೆ ಅದು ಕೂಡಲೇ ಅರ್ಥವಾಗಿರಬೇಕು. ದೇಹವನ್ನು ದೇಗುಲವೆಂದು ಕರೆದದ್ದೂ ಅದೇ ಪತ್ರದಲ್ಲಿ. ನಮಗೆ ಇಲ್ಲಿ ಬಸವಣ್ಣನವರು ನೆನಪಾಗದೆ ಇರುವುದಿಲ್ಲ. ಆದರೂ ಉಪವಾಸ, ದೇಹದಂಡನೆಗಳ ದಾರಿಯೇ ಮುಂದೆ ಶತಮಾನಗಳ ಕಾಲ ದೊಡ್ಡದೆನಿಸಿಕೊಂಡಿತು. ಜೆಸ್ವಿಟ್ ಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಕೂಡ ಮೊದಲು ಅದೇ ದಾರಿ ಹಿಡಿದು ಹೊಟ್ಟೆಯ ಆರೋಗ್ಯ ಕೆಡಿಸಿಕೊಂಡವರು. ಮುಂದೆ ತಮ್ಮ ಸಭೆಗೆ ನಿಯಮ ಬರೆಯುವಾಗ, ಓದುವ ಎಳೆಯರ ದೇಹವನ್ನು ಜೋಪಾನ ಮಾಡಿ, ಮಿತವಾದ ವ್ಯಾಯಾಮವಿರಲಿ ಎಂದರು. ಪೆಟ್ಟು ತಿಂದವರ ಬುದ್ಧಿಮಾತು!

ನಾನು ಕಲಿತದ್ದು ಕರಾವಳಿಯ ಒಂದು ಕಾನ್ವೆಂಟಿನಲ್ಲಿ, ಅರವತ್ತರ ದಶಕದಲ್ಲಿ. ಅಲ್ಲಿ ನಮಗೆ ಒಂದು ಕತೆ ಹೇಳುತ್ತಿದ್ದರು. ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಕಾಲೇಜಿಗೆ ಯಾರ ಹೆಸರಿದೆಯೋ ಆ ಸಂತ ಅಲೋಶಿಯಸ್ ಗೆಳೆಯರೊಂದಿಗೆ ಆಡುತ್ತಿದ್ದನಂತೆ. "ಇನ್ನೊಂದು ಗಳಿಗೆಯಲ್ಲಿ ಸಾವು ಬರುತ್ತದೆಂದರೆ ಏನು ಮಾಡುತ್ತೀ?" ಎಂದು ಯಾರೋ ಕೇಳಿದರಂತೆ. ಒಬ್ಬ ಇಗರ್ಜಿಗೆ ಓಡುತ್ತೇನೆಂದ, ಇನ್ನೊಬ್ಬ ಪಾಪನಿವೇದನೆ ಮಾಡುತ್ತೇನೆಂದ. ಅಲೋಶಿಯಸ್ ಮಾತ್ರ ಆಟ ಮುಂದುವರಿಸುತ್ತೇನೆ ಎಂದನಂತೆ. ಇದೇ ಕತೆಯನ್ನು ಬೇರೆ ಸಂತರ ಹೆಸರಿನಲ್ಲೂ ಹೇಳುವುದುಂಟು. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳ ಶುಶ್ರೂಷೆ ಮಾಡುತ್ತ, ಇಪ್ಪತ್ತಮೂರನೆಯ ವಯಸ್ಸಿಗೇ ಆತ ತೀರಿಕೊಂಡದ್ದು ಮಾತ್ರ ಇತಿಹಾಸ.

ಆಟವನ್ನೇ ಶಿಕ್ಷಣದ ನಡುಮನೆಗೆ ತಂದವರೆಂದರೆ ಡಾನ್ ಬಾಸ್ಕೊ. ಇಟಲಿಯ ತೂರಿನ್ ಬಳಿಯ ಹಳ್ಳಿಯಲ್ಲಿ 1815ರಲ್ಲಿ ಹುಟ್ಟಿದ, ಎರಡೇ ವರ್ಷಕ್ಕೆ ತಂದೆಯನ್ನು ಕಳೆದುಕೊಂಡ ಹುಡುಗ. ಜಾತ್ರೆಯ ದೊಂಬರನ್ನು ನೋಡಿ ನೋಡಿ ಹಗ್ಗದ ಮೇಲೆ ನಡೆಯುವುದನ್ನು, ಕೈಚಳಕವನ್ನು ಕಲಿತ. ಹುಲ್ಲುಗಾವಲಿನಲ್ಲಿ ಅವನ ಆಟ ನೋಡಲು ಟಿಕೆಟ್ಟು ಇರಲಿಲ್ಲ. ನೋಡಲು ಬಂದವರು ಜಪಸರ ಹೇಳಬೇಕು, ಭಾನುವಾರದ ಪ್ರವಚನವನ್ನು ಅವನ ಬಾಯಿಂದ ಇನ್ನೊಮ್ಮೆ ಕೇಳಬೇಕು, ಅಷ್ಟೆ. 1841ರಲ್ಲಿ ಪಾದ್ರಿಯಾದ ಮೇಲೆ ತೂರಿನ್ನಿನ ಬೀದಿಯಲ್ಲಿ ಕಂಡದ್ದು ಗಾರೆ ಕೆಲಸಕ್ಕೆ, ಚಿಮಣಿ ಗುಡಿಸಲಿಕ್ಕೆ ಬಂದ ಹಳ್ಳಿ ಹುಡುಗರನ್ನು. ಭಾನುವಾರ ಅವರನ್ನು ಕೂಡಿಸಿ ಆಡಿಸಿದರೆ ನೆರೆಯವರಿಗೆ ಗಲಾಟೆ ತಡೆಯಲಾಗುತ್ತಿರಲಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಬ್ಬಿಸಿಕೊಂಡು, ಕೊನೆಗೆ 1846ರ ಈಸ್ಟರ್ ಹೊತ್ತಿಗೆ ವಾಲ್ಡೊಕ್ಕೊ ಎಂಬಲ್ಲಿ ಒಂದು ತಗ್ಗು ಕೊಟ್ಟಿಗೆ ಸಿಕ್ಕಿತು. ಅದೇ ಪ್ರಾರ್ಥನಾಮಂದಿರ, ಅದರ ಪಕ್ಕದ ಜಾಗವೇ ಮೈದಾನ. 1877ರಲ್ಲಿ ತಮ್ಮ ಶಿಕ್ಷಣ ಕ್ರಮದ ಬಗ್ಗೆ ಬರೆದ ಪುಟ್ಟ ಪುಸ್ತಿಕೆಯಲ್ಲಿ ಮಕ್ಕಳಿಗೆ ಜಿಗಿಯಲು, ಓಡಲು, ಕೂಗಾಡಲು ಬೇಕಾದಷ್ಟು ಬಿಡುವು ಕೊಡಿ ಎಂದರು. ಮೇಷ್ಟರಾದವರು ಮಕ್ಕಳ ನಡುವೆಯೇ ಇರಬೇಕೆಂಬುದು ಅವರ ಕಟ್ಟಳೆ. ಮಾಟುಂಗಾದಲ್ಲಿ ನಮ್ಮ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೆ ಹೋಗುವವರು ಡಾನ್ ಬಾಸ್ಕೊ ಶಾಲೆಯ ಮೈದಾನವನ್ನು ನೋಡಿಯೇ ಇರುತ್ತೀರಿ. ಅದು ಬರೀ ಖಾಲಿ ಜಾಗವಲ್ಲ, ಆ ಪುಸ್ತಿಕೆಯ ಒಂದು ಪುಟ.

ಒಲಿಂಪಿಕ್ಸಿನ 'ಸಿಟಿಯಸ್, ಆಲ್ಟಿಯಸ್, ಫೋರ್ಟಿಯಸ್' ಎಂಬ ಘೋಷವಾಕ್ಯ ಹುಟ್ಟಿದ್ದೂ ಒಂದು ಕ್ಯಾಥೊಲಿಕ್ ಶಾಲೆಯಲ್ಲಿ ಎಂದರೆ ಆಶ್ಚರ್ಯವಾದೀತು. ಪ್ಯಾರಿಸ್ ಹತ್ತಿರದ ಆರ್ಕೇ ಎಂಬಲ್ಲಿ ಶಾಲೆಯ ಮುಖ್ಯಸ್ಥರಾಗಿದ್ದ ಹೆನ್ರಿ ದಿದೋನ್ ಎಂಬ ಡೊಮಿನಿಕನ್ ಪಾದ್ರಿ 1891ರಲ್ಲಿ ತಮ್ಮ ಹುಡುಗರಿಗೆ ಹೇಳಿದ್ದನ್ನು ಕೂಬರ್ತ್ಯಾ 1894ರಲ್ಲಿ ಒಲಿಂಪಿಕ್ ಚಳವಳಿಗೆ ತಂದರು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹುಡುಗರ ಕತೆ, ಗಮನಿಸಿದಿರಾ? ನಮ್ಮ ಕತೆ ಬೇರೆ. ಅಪೊಸ್ತೊಲಿಕ್ ಕಾರ್ಮೆಲ್ ಸಭೆಯ ಸಿಸ್ಟರುಗಳು 1870ರ ನವೆಂಬರಿನಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಾಲೆ ತೆರೆದಾಗ, ಹುಡುಗಿ ಶಾಲೆಗೆ ಬಂದಳೆಂಬುದೇ ದೊಡ್ಡ ಮಾತು. ಓಡುವುದು ದೂರದ ಮಾತು. ರೋಮ್ ಕೂಡ ಈ ವಿಷಯದಲ್ಲಿ ಹೆದರುತ್ತಿತ್ತು. 1928ರಲ್ಲಿ ಮುಸೊಲಿನಿಯ ಆಳ್ವಿಕೆಯವರು ರೋಮಿನಲ್ಲಿ ಹುಡುಗಿಯರ ಸಾರ್ವಜನಿಕ ಕ್ರೀಡಾಸ್ಪರ್ಧೆ ಏರ್ಪಡಿಸಿದಾಗ ಹನ್ನೊಂದನೆಯ ಪಯಸ್ ಪೋಪರು ಆಕ್ಷೇಪಿಸಿದರು. ಮರುವರ್ಷ ಶಿಕ್ಷಣದ ಬಗ್ಗೆ ಹೊರಡಿಸಿದ ಪರಿಪತ್ರದಲ್ಲೂ ವ್ಯಾಯಾಮದಲ್ಲಿ ಹುಡುಗಿಯರ ಮಾನಮರ್ಯಾದೆ ಕಾಯಬೇಕು, ಹತ್ತು ಜನರೆದುರಿನ ಪ್ರದರ್ಶನ ಕೂಡದು ಎಂದು ಬರೆದರು. ತಾವು ಮಾತ್ರ ಯೌವನದಲ್ಲಿ ಆಲ್ಪ್ಸ್ ಪರ್ವತ ಹತ್ತಿದ್ದವರು! ಆ ಹುಡುಗಿಯರನ್ನು ಫ್ಯಾಸಿಸ್ಟರ ಕೈಗೆ ಕೊಡಬಾರದೆಂಬ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಕಾಳಜಿಯ ಭಾರವೆಲ್ಲ ಹುಡುಗಿಯ ಕಾಲಿಗೇ ಬಿತ್ತು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮ ಶಾಲೆಗೆ ಬಂದು, "ಸಿಸ್ಟರ್, ಇವಳನ್ನು ಡ್ರಿಲ್ಲಿಗೆ ಬಿಡಬೇಡಿ. ಹೆಣ್ಣು ಮಗು, ನೋಡಿದವರು ಏನಂದಾರು?" ಎಂದರು. ಸಿಸ್ಟರ್ ವಾದಿಸಲಿಲ್ಲ. "ಅಮ್ಮಾ, ಗೇಟು ನಾನೇ ಹಾಕುತ್ತೇನೆ. ಒಳಗೆ ಓಡಲಿ" ಎಂದರು. ಹಾಗೆಯೇ ನಡೆಯಿತು. ಗೇಟು ಹಾಕಿ, ಬಿಳಿ ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಅವರೇ ನಮ್ಮೊಂದಿಗೆ ಖೋ ಖೋ ಆಡುತ್ತಿದ್ದರು. ಕ್ರೈಸ್ತ ಮಕ್ಕಳು ಕ್ಯಾಟೆಕಿಸಂಗೆ, ನಾವು ಮೋರಲ್ ಸೈನ್ಸಿಗೆ ಎಂದು ತರಗತಿಯಲ್ಲಿ ಬೇರೆಯಾಗುತ್ತಿದ್ದವರು ಮೈದಾನದಲ್ಲಿ ಒಂದೇ ಸಾಲು. ಕ್ರೀಡಾದಿನಕ್ಕೆ ಅಪ್ಪಂದಿರಿಗೂ ಕರೆಯಿರಲಿಲ್ಲ. ರೋಮಿನ ಮಾತೂ ಉಳಿಯಿತು, ನಮ್ಮ ಓಟವೂ ಉಳಿಯಿತು.

ಅಷ್ಟರೊಳಗೆ ಗೇಟಿನಾಚೆಗೆ ಓಡಿದವರೂ ಇದ್ದರು. 1954ರ ಮನಿಲಾ ಏಷ್ಯನ್ ಗೇಮ್ಸಿನಲ್ಲಿ 4x100 ರಿಲೇ ಚಿನ್ನ ಗೆದ್ದ ನಮ್ಮ ಹೆಣ್ಣುಮಕ್ಕಳು ಕ್ರಿಸ್ಟೀನ್ ಬ್ರೌನ್, ಸ್ಟೆಫಿ ಡಿಸೋಜಾ, ವಯಲೆಟ್ ಪೀಟರ್ಸ್, ಮೇರಿ ಡಿಸೋಜಾ. ಹೆಸರುಗಳನ್ನು ಇನ್ನೊಮ್ಮೆ ಓದಿ ನೋಡಿ. ಇವರಲ್ಲಿ ಮೇರಿ ನಮ್ಮ ಬಾಂದ್ರಾದವರು; 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿಗೂ ಹೋಗಿದ್ದರು.

ನಾನು ಗೆದ್ದದ್ದು ಒಂದೇ ಒಂದು ಸಲ, ನಿಂಬೆಹಣ್ಣು ಚಮಚದ ಓಟದಲ್ಲಿ, ಹೆಬ್ಬೆರಳಿನಿಂದ ಹಣ್ಣನ್ನು ಒತ್ತಿ ಹಿಡಿದು. ಬಹುಮಾನ ಒಂದು ಸೋಪಿನ ಡಬ್ಬಿ. ಮನೆಗೆ ಬಿಡುವ ಮುನ್ನ ದಿನವೂ ಎರಡು ನಿಮಿಷ ಕಣ್ಣು ಮುಚ್ಚಿ ಅಂದಿನ ದಿನವನ್ನು ನೆನೆಯುವ ಪದ್ಧತಿ ನಮ್ಮಲ್ಲಿತ್ತು. ಅದು ಇಗ್ನೇಷಿಯಸರು ಒತ್ತಿ ಹೇಳಿದ ಆತ್ಮಪರಿಶೋಧನೆಯ ಮಕ್ಕಳ ರೂಪ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವತ್ತು ಆ ಎರಡು ನಿಮಿಷ ಮುಗಿಯಲೇ ಇಲ್ಲ. ಡಬ್ಬಿಯನ್ನು ಸಿಸ್ಟರ ಮೇಜಿನ ಮೇಲಿಟ್ಟು ಓಡಿಬಂದೆ. ಅವರು ಏನೂ ಕೇಳಲಿಲ್ಲ. ಮರುದಿನ ಖೋ ಖೋಗೆ ನನ್ನನ್ನೇ ಮೊದಲು ಕರೆದರು.

ಇಷ್ಟೆಲ್ಲ ಬರೆದ ಮೇಲೆ ಇದನ್ನೂ ಹೇಳಬೇಕು. ನಾನು ಟೀಚರಾದ ಮೇಲೆ ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಪಿ.ಟಿ. ಸರ್ ಹತ್ತಿರ ಹೋಗಿ, "ಈ ಪೀರಿಯಡ್ ನನಗೆ ಕೊಡಿ, ಗಣಿತ ಬಾಕಿ ಇದೆ" ಎಂದು ಕೇಳುತ್ತಿದ್ದೆ. ಅವರು ಕೊಡುತ್ತಿದ್ದರು. ಮಕ್ಕಳು ಪುಸ್ತಕ ತೆರೆದು ಕಿಟಕಿಯ ಕಡೆಗೆ ನೋಡುತ್ತ ಕೂರುತ್ತಿದ್ದರು. ಕೆಳಗೆ ಮೈದಾನ ಖಾಲಿ ಇರುತ್ತಿತ್ತು, ಗೇಟು ತೆರೆದೇ ಇರುತ್ತಿತ್ತು.