ಮಾನವಸಹಿತ ಬಾಹ್ಯಾಕಾಶ ಯಾನ ಹಾಗೂ ಮಾನವರಹಿತ ಅನ್ವೇಷಣೆ: ಸಾರ್ವಜನಿಕರ ಮಾಹಿತಿಗಾಗಿ ತುಲನಾತ್ಮಕ ಟಿಪ್ಪಣಿ

ಪೀಠಿಕೆ

ಬಾಹ್ಯಾಕಾಶಕ್ಕೆ ಮನುಷ್ಯರನ್ನು ಕಳುಹಿಸಬೇಕೇ ಅಥವಾ ಮಾನವರಹಿತ ನೌಕೆಗಳಿಂದಲೇ ಅನ್ವೇಷಣೆಯನ್ನು ಮುಂದುವರಿಸಬೇಕೇ ಎಂಬ ಪ್ರಶ್ನೆಯು ಬಹುಕಾಲ ಅನ್ಯದೇಶಗಳ ಚರ್ಚೆಯಾಗಿಯೇ ಇತ್ತು. 2018ರ ಆಗಸ್ಟ್ 15ರಂದು ಗಗನಯಾನ ಯೋಜನೆಯನ್ನು ಪ್ರಕಟಿಸಿದ ನಂತರ ಸದರಿ ಪ್ರಶ್ನೆಯು ನಮ್ಮ ದೇಶದ ಆಯವ್ಯಯಕ್ಕೆ ಸಂಬಂಧಿಸಿದ ಪ್ರಶ್ನೆಯಾಗಿರುತ್ತದೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೋ)ಯ ಕೇಂದ್ರ ಕಛೇರಿ, ಯು. ಆರ್. ರಾವ್ ಉಪಗ್ರಹ ಕೇಂದ್ರ, 2019ರಲ್ಲಿ ಆರಂಭವಾದ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಇವೆಲ್ಲವೂ ಬೆಂಗಳೂರಿನಲ್ಲಿವೆ. ದೂರದ ನೌಕೆಗಳೊಡನೆ ಸಂಪರ್ಕವಿಡುವ ಬೃಹತ್ ಆಂಟೆನಾಗಳು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿವೆ. ಆದ್ದರಿಂದ ರಾಜ್ಯದ ವಿದ್ಯಾರ್ಥಿಗಳು, ಶಿಕ್ಷಕರು ಹಾಗೂ ಸಾರ್ವಜನಿಕರ ಅನುಕೂಲಕ್ಕಾಗಿ ಈ ಟಿಪ್ಪಣಿಯನ್ನು ಸಿದ್ಧಪಡಿಸಲಾಗಿದೆ. ಇದು ಮಾಹಿತಿಗಾಗಿ ಮಾತ್ರ ಇದ್ದು, ಸರ್ಕಾರದ ನೀತಿ ನಿರೂಪಣೆ ಎಂದು ಭಾವಿಸತಕ್ಕದ್ದಲ್ಲ.

ಗಗನಯಾನವನ್ನು ವಿರೋಧಿಸುವವರು ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಸ್ಥಾಪಕರಾದ ಡಾ. ವಿಕ್ರಮ್ ಸಾರಾಭಾಯಿ ಅವರ ನಿಲುವನ್ನು ಆಗಾಗ್ಗೆ ಉಲ್ಲೇಖಿಸುತ್ತಾರೆ. ಶ್ರೀಮಂತ ರಾಷ್ಟ್ರಗಳೊಡನೆ ಸ್ಪರ್ಧಿಸುವ ಭ್ರಮೆ ನಮಗಿಲ್ಲವೆಂದೂ, ಬಾಹ್ಯಾಕಾಶ ತಂತ್ರಜ್ಞಾನವು ಜನಸಾಮಾನ್ಯರ ನೈಜ ಸಮಸ್ಯೆಗಳಿಗೆ ಉಪಯೋಗವಾಗಬೇಕೆಂದೂ ಅವರು ಹೇಳಿದ್ದುದು ನಿಜ. ಆದರೆ ಬೇಡವೆಂದು ಅವರು ಬದಿಗಿರಿಸಿದ ಪಟ್ಟಿಯಲ್ಲಿ ಮಾನವಸಹಿತ ಯಾನದ ಜೊತೆಗೆ ಚಂದ್ರನ ಹಾಗೂ ಗ್ರಹಗಳ ಅನ್ವೇಷಣೆಯೂ ಇತ್ತು ಎಂಬುದನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. 2008ರ ಅಕ್ಟೋಬರ್ 22ರಂದು ಚಂದ್ರಯಾನ-1 ಉಡಾವಣೆಯಾದಾಗಲೇ ಆ ಗೆರೆಯನ್ನು ದಾಟಲಾಗಿದೆ. ಹೀಗಾಗಿ ಆ ನಿಲುವನ್ನು ಒಂದು ಪಕ್ಷಕ್ಕೆ ಮಾತ್ರ ಅನ್ವಯಿಸುವುದು ಸರಿಯಾಗಲಾರದು.

ವೆಚ್ಚದ ಲೆಕ್ಕವನ್ನು ಓದುವ ಬಗೆ

ಸಾರ್ವಜನಿಕ ಚರ್ಚೆಯಲ್ಲಿ ಮೊದಲು ಕೇಳಿಬರುವುದು ಮೊಬಲಗು. ಚಂದ್ರಯಾನ-1ಕ್ಕೆ ರೂ. 386 ಕೋಟಿ, ಮಂಗಳಯಾನಕ್ಕೆ ರೂ. 450 ಕೋಟಿ, ಚಂದ್ರಯಾನ-2ಕ್ಕೆ ರೂ. 978 ಕೋಟಿ ಹಾಗೂ ಚಂದ್ರಯಾನ-3ಕ್ಕೆ ಸುಮಾರು ರೂ. 615 ಕೋಟಿ ವೆಚ್ಚವಾಗಿರುತ್ತದೆ. ಗಗನಯಾನ ಕಾರ್ಯಕ್ರಮಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಹೆಚ್ಚುವರಿಯಾಗಿ ರೂ. 11,170 ಕೋಟಿ ಒದಗಿಸಿ, ಒಟ್ಟು ಮೊತ್ತವನ್ನು ರೂ. 20,193 ಕೋಟಿಗೆ ಏರಿಸಿದೆ. ಇದರಿಂದ ಒಂದು ಗಗನಯಾನಕ್ಕೆ ಮೂವತ್ತೆರಡು ಚಂದ್ರಯಾನ-3ಗಳನ್ನು ಕಳುಹಿಸಬಹುದಿತ್ತು ಎಂದು ಭಾಗಾಕಾರ ಮಾಡಿ ತೋರಿಸುವುದುಂಟು.

ಭಾಗಾಕಾರ ಸರಿಯಾಗಿಯೇ ಇದೆ. ಆದರೆ ಭಾಜ್ಯ, ಭಾಜಕಗಳು ಒಂದೇ ಬಗೆಯ ಲೆಕ್ಕಕ್ಕೆ ಸೇರಿದವುಗಳಲ್ಲ. ಬಂಡವಾಳ ವೆಚ್ಚ ಮತ್ತು ಚಾಲ್ತಿ ವೆಚ್ಚಗಳನ್ನು ಒಂದೇ ಕಂಬಸಾಲಿನಲ್ಲಿ ಕೂಡಿಸಬಾರದು ಎಂಬುದು ಲೆಕ್ಕಶಾಸ್ತ್ರದ ಮೊದಲ ಪಾಠ. ರೂ. 20,193 ಕೋಟಿಯು ಒಂದು ಯಾನದ ವೆಚ್ಚವಾಗಿರದೆ, 2028ರ ಡಿಸೆಂಬರ್‌ವರೆಗಿನ ಎಂಟು ಯಾನಗಳಿಗೆ ಸಂಬಂಧಿಸಿದ್ದಾಗಿರುತ್ತದೆ. ಇವುಗಳಲ್ಲಿ ಮಾನವರಹಿತ ಪರೀಕ್ಷಾ ಯಾನಗಳೂ, ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕವೂ ಸೇರಿವೆ. ಇತ್ತ ಚಂದ್ರಯಾನ-3ರ ಮೊತ್ತವು ಕಡಿಮೆಯಿರಲು ಒಂದು ಕಾರಣವೆಂದರೆ, ಅದಕ್ಕೆ ಪ್ರತ್ಯೇಕ ಆರ್ಬಿಟರ್ ಬೇಕಾಗಲಿಲ್ಲ. 2019ರಿಂದ ಚಂದ್ರನನ್ನು ಸುತ್ತುತ್ತಿದ್ದ ಚಂದ್ರಯಾನ-2ರ ಆರ್ಬಿಟರನ್ನೇ ಸಂಪರ್ಕಕ್ಕೆ ಬಳಸಿಕೊಳ್ಳಲಾಯಿತು. ಚಂದ್ರಯಾನ-1ರ ರೂ. 386 ಕೋಟಿಯಲ್ಲಿ ಸುಮಾರು ರೂ. 100 ಕೋಟಿಯು ಬ್ಯಾಲಾಳುವಿನ ಭೂಕೇಂದ್ರಕ್ಕೆ ಸಂದ ಹಣ. ಆ ನೌಕೆಯು ಹತ್ತು ತಿಂಗಳಲ್ಲಿ ಮೌನವಾಯಿತು; ಆಂಟೆನಾಗಳು ಮಾತ್ರ ಮಂಗಳಯಾನಕ್ಕೂ, ನಂತರದ ಎರಡು ಚಂದ್ರಯಾನಗಳಿಗೂ ದುಡಿದವು. ಮೊದಲು ಹೋಗುವ ಯೋಜನೆಯು ಆಸ್ತಿಯ ವೆಚ್ಚವನ್ನು ಹೊರುತ್ತದೆ, ಹಿಂದೆ ಬರುವ ಯೋಜನೆಯು ಅಗ್ಗವಾಗಿ ಕಾಣುತ್ತದೆ.

ಇಷ್ಟೆಲ್ಲ ರಿಯಾಯಿತಿ ನೀಡಿದ ಮೇಲೂ ಮಾನವಸಹಿತ ಯಾನವೇ ದುಬಾರಿ ಎಂಬುದರಲ್ಲಿ ಸಂದೇಹವಿಲ್ಲ. ಗಾಳಿ, ನೀರು, ಆಹಾರ, ಹದವಾದ ಉಷ್ಣಾಂಶ, ಶೌಚದ ವ್ಯವಸ್ಥೆ, ಅಪಾಯದಲ್ಲಿ ರಾಕೆಟ್ಟಿನಿಂದ ಪಾರಾಗುವ ವ್ಯವಸ್ಥೆ, ಧುಮುಕುಕೊಡೆಗಳು, ಸಮುದ್ರದಲ್ಲಿ ಕಾಯ್ದುಕೊಂಡಿರುವ ಹಡಗುಗಳು ಇವಾವುವೂ ಯಂತ್ರಕ್ಕೆ ಬೇಡ. ಎಲ್ಲಕ್ಕಿಂತ ಮಿಗಿಲಾಗಿ, ಯಂತ್ರವನ್ನು ಮರಳಿ ಕರೆತರುವ ಹೊಣೆ ಇರುವುದಿಲ್ಲ.

ಮಾನವರಹಿತ ನೌಕೆಗಳ ಸಾಧನೆ ಮತ್ತು ಮಿತಿ

ಚಂದ್ರನಲ್ಲಿ ನೀರಿನ ಅಣುಗಳಿರುವುದನ್ನು 2009ರಲ್ಲಿ ದೃಢಪಡಿಸಿದ್ದು ಚಂದ್ರಯಾನ-1ರಲ್ಲಿದ್ದ ಅಮೆರಿಕದ ಉಪಕರಣ. ಆರು ತಿಂಗಳ ಅವಧಿಗೆಂದು ರೂಪಿಸಿದ ಮಂಗಳಯಾನವು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿ, 2022ರವರೆಗೆ ಸಂಪರ್ಕದಲ್ಲಿತ್ತು. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದ ಚಂದ್ರಯಾನ-3 ಅಲ್ಲಿನ ಮಣ್ಣಿನಲ್ಲಿ ಗಂಧಕವಿರುವುದನ್ನು ಸ್ಥಳದಲ್ಲಿಯೇ ಪತ್ತೆಹಚ್ಚಿತು. ಇಂತಹ ಫಲಗಳಿಗೆ ಮನುಷ್ಯನನ್ನು ಕಳುಹಿಸುವ ಅಗತ್ಯವಿರಲಿಲ್ಲ.

ಮಿತಿಗಳೂ ಉಂಟು. 26 ಕೆ.ಜಿ. ತೂಕದ ಪ್ರಜ್ಞಾನ್ ರೋವರ್ ಸುಮಾರು ಹತ್ತು ದಿನಗಳಲ್ಲಿ ಕ್ರಮಿಸಿದ ದೂರ ಸುಮಾರು 100 ಮೀಟರ್. ಆಗಸ್ಟ್ 27ರಂದು ನಾಲ್ಕು ಮೀಟರ್ ವ್ಯಾಸದ ಕುಳಿಯೊಂದು ಎದುರಾದಾಗ ಅದಕ್ಕೆ ದಾರಿ ಬದಲಿಸಿಕೊಳ್ಳಲು ಭೂಮಿಯಿಂದ ಆದೇಶ ನೀಡಬೇಕಾಯಿತು. ಚಂದ್ರನಿಗೆ ಸಂಕೇತವು ಒಂದೂಕಾಲು ಸೆಕೆಂಡಿನಲ್ಲಿ ತಲುಪುವುದರಿಂದ ಇದು ಸುಲಭ. ಮಂಗಳಕ್ಕಾದರೆ ಒಂದು ದಿಕ್ಕಿನಲ್ಲಿ 3ರಿಂದ 22 ನಿಮಿಷ ಬೇಕು. ಅಮೆರಿಕದ ಆಪರ್ಚ್ಯುನಿಟಿ ರೋವರ್ ಮಂಗಳನ ಮೇಲೆ 2004ರಿಂದ 2018ರವರೆಗೆ ಹದಿನಾಲ್ಕು ವರ್ಷ ಸಂಚರಿಸಿ 45 ಕಿ.ಮೀ. ಕ್ರಮಿಸಿತು. 1972ರ ಡಿಸೆಂಬರ್‌ನಲ್ಲಿ ಅಪೋಲೋ-17ರ ಇಬ್ಬರು ಗಗನಯಾತ್ರಿಗಳು ಚಂದ್ರನ ಮೇಲೆ ಮೂರು ದಿನಗಳಲ್ಲಿ ವಾಹನದಲ್ಲಿ ಸುತ್ತಿದ್ದು ಸುಮಾರು 35 ಕಿ.ಮೀ. ಅವರಲ್ಲಿ ಒಬ್ಬರಾದ ಹ್ಯಾರಿಸನ್ ಶ್ಮಿಟ್ ಭೂವಿಜ್ಞಾನಿ. ಬೂದುಬಣ್ಣದ ನೆಲದಲ್ಲಿ ಕಿತ್ತಳೆ ಬಣ್ಣದ ಮಣ್ಣನ್ನು ಕಂಡು, ಅಲ್ಲಿಯೇ ನಿಂತು ಅಗೆದು ತಂದರು. ಅದು ಹಳೆಯ ಜ್ವಾಲಾಮುಖಿಯಿಂದ ಚಿಮ್ಮಿದ ಗಾಜಿನ ಕಣಗಳೆಂದು ಆ ಬಳಿಕ ತಿಳಿದುಬಂದಿತು.

ಅಪೋಲೋ ಯಾನಗಳು ಒಟ್ಟು 382 ಕೆ.ಜಿ. ಕಲ್ಲುಮಣ್ಣು ತಂದವು, ಅದೇ ಕಾಲದ ಸೋವಿಯತ್ ಒಕ್ಕೂಟದ ಮೂರು ಲೂನಾ ನೌಕೆಗಳು ಯಂತ್ರದ ಮೂಲಕ ತಂದದ್ದು ಒಟ್ಟು ಸುಮಾರು ಮೂರನೇ ಒಂದು ಕೆ.ಜಿ. ಈ ಅಂತರ ಈಗ ಕಡಿಮೆಯಾಗುತ್ತಿದೆ. ಚೀನಾದ ಚಾಂಗ್'ಇ-5 ನೌಕೆಯು 2020ರಲ್ಲಿ 1.7 ಕೆ.ಜಿ., ಚಾಂಗ್'ಇ-6 ನೌಕೆಯು 2024ರಲ್ಲಿ ಚಂದ್ರನ ಆಚೆಯ ಮಗ್ಗುಲಿನಿಂದ 1.9 ಕೆ.ಜಿ. ಮಾದರಿಯನ್ನು ತಂದಿವೆ. ಆಚೆಯ ಮಗ್ಗುಲಿನಲ್ಲಿ ಈವರೆಗೆ ಯಾವ ಮನುಷ್ಯನೂ ಇಳಿದಿಲ್ಲ. ಮಾದರಿ ತರುವ ಚಂದ್ರಯಾನ-4ಕ್ಕೆ ಭಾರತವು ರೂ. 2,104 ಕೋಟಿ ಮಂಜೂರು ಮಾಡಿರುತ್ತದೆ. ಅಪೋಲೋ ಕಾರ್ಯಕ್ರಮಕ್ಕೆ ತಗುಲಿದ್ದು ಅಂದಿನ ಬೆಲೆಯಲ್ಲಿ ಸುಮಾರು 2,500 ಕೋಟಿ ಡಾಲರ್. (ಐವತ್ತು ವರ್ಷಗಳ ಹಿಂದಿನ ಡಾಲರನ್ನು ಇಂದಿನ ವಿನಿಮಯ ದರದಲ್ಲಿ ರೂಪಾಯಿಗೆ ಪರಿವರ್ತಿಸಿ ಹೋಲಿಸುವ ಲೆಕ್ಕಗಳು ಆಗಾಗ್ಗೆ ಪ್ರಕಟವಾಗುತ್ತವೆ, ಅವುಗಳನ್ನು ನಂಬಬೇಕಾಗಿಲ್ಲ.)

ಎರಡು ಮೊಳಕೆ ಪ್ರಯೋಗಗಳು

ಮನುಷ್ಯನ ಉಪಸ್ಥಿತಿಯಿಂದ ಯಾವ ಕೆಲಸಕ್ಕೆ ಪ್ರಯೋಜನ, ಯಾವುದಕ್ಕೆ ಇಲ್ಲ ಎಂಬುದನ್ನು ತಿಳಿಯಲು 2025ರ ಎರಡು ಭಾರತೀಯ ಪ್ರಯೋಗಗಳನ್ನು ಜೊತೆಯಾಗಿ ನೋಡುವುದು ಉಪಯುಕ್ತ. 2024ರ ಡಿಸೆಂಬರ್ 30ರಂದು ಉಡಾಯಿಸಿದ ಪಿಎಸ್ಎಲ್‌ವಿ ರಾಕೆಟ್ಟಿನ ಕೊನೆಯ ಹಂತವನ್ನೇ ಪ್ರಯೋಗಾಲಯವಾಗಿಸಿ, ಅದರಲ್ಲಿ ಅಲಸಂದೆಯ ಎಂಟು ಬೀಜಗಳನ್ನಿಡಲಾಗಿತ್ತು. ನಾಲ್ಕು ದಿನಗಳಲ್ಲಿ ಮೊಳಕೆಯೊಡೆದು, ತರುವಾಯ ಎಲೆಯೂ ಮೂಡಿತು. ಎಲ್ಲವೂ ತಾನಾಗಿ ನಡೆಯುವ ಪೆಟ್ಟಿಗೆಯಲ್ಲಿ ನಡೆಯಿತು, ಮನುಷ್ಯರಾರೂ ಇರಲಿಲ್ಲ.

ಎರಡನೆಯದು ಧಾರವಾಡದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹಾಗೂ ಐಐಟಿ ಸಿದ್ಧಪಡಿಸಿದ ಹೆಸರುಕಾಳು ಮತ್ತು ಮೆಂತ್ಯದ ಮೊಳಕೆ ಪ್ರಯೋಗವು, 2025ರ ಜೂನ್ 25ರಂದು ಹೊರಟ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರೊಡನೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು. ಅವರು ಬೀಜಗಳಿಗೆ ನೀರುಣಿಸಿ, ಮೊಳಕೆಗಳನ್ನು ಶೀತಕದಲ್ಲಿರಿಸಿ, ಭೂಮಿಯಲ್ಲಿ ಪರೀಕ್ಷಿಸಲು ಸಾಧ್ಯವಾಗುವಂತೆ ಮಾಡಿದರು. ಅಲಸಂದೆಯ ಗಿಡ ಮರಳಿ ಬರಲಿಲ್ಲ. ಅದಿದ್ದ ರಾಕೆಟ್ ಹಂತವು 2025ರ ಏಪ್ರಿಲ್‌ನಲ್ಲಿ ವಾತಾವರಣಕ್ಕೆ ಮರುಪ್ರವೇಶಿಸಿ ನಾಶವಾಯಿತು.

ಹಾಗಾದರೆ ವ್ಯತ್ಯಾಸವಿರುವುದು ಮರಳಿ ತರುವುದರಲ್ಲಿಯೇ ಹೊರತು ಮನುಷ್ಯನಲ್ಲಿ ಅಲ್ಲ ಎಂದು ವಾದಿಸಬಹುದು. ಈ ವಾದದಲ್ಲಿ ಹುರುಳಿದೆ. 2007ರ ಜನವರಿಯಲ್ಲಿಯೇ ಇಸ್ರೋ ಮಾನವರಹಿತ ಕೋಶವೊಂದನ್ನು ಹನ್ನೆರಡು ದಿನ ಕಕ್ಷೆಯಲ್ಲಿಟ್ಟು ಬಂಗಾಳ ಕೊಲ್ಲಿಯಿಂದ ಮರಳಿ ಪಡೆದಿತ್ತು. ಬೀಜಗಳ ಮಟ್ಟಿಗೆ ಅಂತಹ ಕೋಶವೇ ಸಾಕು ಎಂದು ಹೇಳಬೇಕಾಗುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ಮನುಷ್ಯನ ಮೂಳೆ ಸವೆಯುವುದು, ಸ್ನಾಯು ಕುಗ್ಗುವುದು, ನಿದ್ರೆ ಕೆಡುವುದು ಇವುಗಳ ಅಧ್ಯಯನಕ್ಕೆ ಮಾತ್ರ ಮನುಷ್ಯನೇ ಬೇಕು. ಮೊದಲೇ ಊಹಿಸಲಾಗದ ದುರಸ್ತಿಗೂ ಅಷ್ಟೆ. 1990ರಲ್ಲಿ ಕಕ್ಷೆಗೇರಿದ ಹಬಲ್ ದೂರದರ್ಶಕದ ಕನ್ನಡಿಯಲ್ಲಿ ದೋಷ ಕಂಡುಬಂದಾಗ 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಅದನ್ನು ಸರಿಪಡಿಸಿದರು.

ಜೀವಹಾನಿಯ ಪ್ರಶ್ನೆ

ಚಂದ್ರಯಾನ-2ರ ಲ್ಯಾಂಡರ್ 2019ರ ಸೆಪ್ಟೆಂಬರ್ 7ರಂದು ಚಂದ್ರನ ಮೇಲೆ ಅಪ್ಪಳಿಸಿತು. ನಾಲ್ಕು ವರ್ಷಗಳಲ್ಲಿ ಇನ್ನೊಂದನ್ನು ನಿರ್ಮಿಸಿ ಇಳಿಸಲಾಯಿತು. ಮಾನವಸಹಿತ ಯಾನದಲ್ಲಿ ಇಂತಹ ನಷ್ಟವನ್ನು ತುಂಬಿಕೊಳ್ಳುವ ಲೆಕ್ಕಶೀರ್ಷಿಕೆ ಇಲ್ಲ.

ಅಮೆರಿಕದ ಶಟಲ್ ನೌಕೆಗಳು 135 ಬಾರಿ ಹಾರಿದವು. ಎರಡು ಬಾರಿ ನೌಕೆಯೂ ಏಳೇಳು ಮಂದಿಯೂ ನಾಶವಾದರು. 1986ರ ಜನವರಿ 28ರಂದು ಉಡಾವಣೆಯಾದ ಸ್ವಲ್ಪ ಹೊತ್ತಿನಲ್ಲಿಯೇ ಒಡೆದುಹೋದ ಚಾಲೆಂಜರ್ ಹೊತ್ತಿದ್ದ ಮುಖ್ಯ ಸರಕು ಒಂದು ಸಂಪರ್ಕ ಉಪಗ್ರಹ. ಅದನ್ನು ಮಾನವರಹಿತ ರಾಕೆಟ್ಟಿನಲ್ಲಿಯೂ ಕಳುಹಿಸಬಹುದಿತ್ತು. ಈ ಘಟನೆಗೆ ಭಾರತದ ನಂಟೂ ಇದೆ. ನಮ್ಮ ಇನ್ಸಾಟ್-1ಬಿ ಉಪಗ್ರಹವನ್ನು 1983ರ ಆಗಸ್ಟ್‌ನಲ್ಲಿ ಕಕ್ಷೆಗೆ ಒಯ್ದದ್ದು ಇದೇ ಚಾಲೆಂಜರ್. ಇನ್ಸಾಟ್-1ಸಿ ಉಪಗ್ರಹವನ್ನು 1986ರಲ್ಲಿ ಶಟಲ್‌ನಲ್ಲಿಯೇ, ಇಸ್ರೋದ ಒಬ್ಬ ವಿಜ್ಞಾನಿಯೊಡನೆ ಕಳುಹಿಸಲು ಏರ್ಪಾಡಾಗಿ, ಶ್ರೀಯುತ ಎನ್. ಸಿ. ಭಟ್ ಹಾಗೂ ಪಿ. ರಾಧಾಕೃಷ್ಣನ್ ಅವರನ್ನು ಆಯ್ಕೆ ಮಾಡಲಾಗಿತ್ತು. ದುರಂತದಿಂದಾಗಿ ಅದು ರದ್ದಾಯಿತು. ಉಪಗ್ರಹವು 1988ರಲ್ಲಿ ಏರಿಯಾನ್ ರಾಕೆಟ್ಟಿನಲ್ಲಿ, ಜೊತೆಗೆ ಯಾರೂ ಇಲ್ಲದೆ, ಹೋಯಿತು. ವಾಣಿಜ್ಯ ಉಪಗ್ರಹಗಳನ್ನು ಶಟಲ್‌ನಲ್ಲಿ ಒಯ್ಯುವುದನ್ನು ಅಮೆರಿಕ ಸರ್ಕಾರವು 1986ರಲ್ಲಿಯೇ ಕೈಬಿಡಲು ನಿರ್ಧರಿಸಿತು. ಯಂತ್ರ ಮಾಡಬಲ್ಲ ಕೆಲಸಕ್ಕೆ ಪ್ರಾಣವನ್ನು ಒಡ್ಡಬಾರದು ಎಂಬ ನಿಯಮವನ್ನು ಏಳು ಜನರನ್ನು ಕಳೆದುಕೊಂಡ ಮೇಲೆ ಒಪ್ಪಿಕೊಂಡಂತಾಯಿತು.

2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆಯು ಮರಳುವಾಗ ಭಸ್ಮವಾಗಿ, ಕರ್ನಾಲ್‌ನಲ್ಲಿ ಜನಿಸಿದ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಮೃತರಾದರು. ಉಡಾವಣೆಯ ವೇಳೆ ಇಂಧನ ತೊಟ್ಟಿಯಿಂದ ಕಳಚಿದ ನೊರೆಪದರದ ತುಂಡೊಂದು ಎಡರೆಕ್ಕೆಗೆ ಬಡಿದುದು ಕಾರಣ. ತನಿಖಾ ಮಂಡಳಿಯು ಅಷ್ಟಕ್ಕೇ ನಿಲ್ಲದೆ, ನಿಗದಿತ ದಿನಾಂಕಗಳನ್ನು ಪಾಲಿಸಬೇಕೆಂಬ ಒತ್ತಡವು ಸಂಸ್ಥೆಯ ತೀರ್ಮಾನಗಳ ಮೇಲೆ ಪ್ರಭಾವ ಬೀರಿದ್ದನ್ನೂ ದಾಖಲಿಸಿತು. ಯಾವುದೇ ಸರ್ಕಾರಿ ಕಛೇರಿಯಲ್ಲಿ ಗಡುವಿನ ಕೆಳಗೆ ಕೆಲಸ ಮಾಡಿದವರಿಗೆ ಈ ಭಾಗವು ಪರಕೀಯವೆನಿಸದು.

ಗಗನಯಾನದ ಬಗ್ಗೆ

ಮೂವರು ಗಗನಯಾತ್ರಿಗಳನ್ನು ಸುಮಾರು 400 ಕಿ.ಮೀ. ಎತ್ತರದ ಕಕ್ಷೆಗೆ ಒಯ್ದು, ಮೂರು ದಿನಗಳ ಒಳಗೆ ಮರಳಿ ತರುವ ಸಾಮರ್ಥ್ಯವನ್ನು ಪಡೆಯುವುದು ಯೋಜನೆಯ ಉದ್ದೇಶ. ಚಂದ್ರ ಅಥವಾ ಮಂಗಳನ ಬಗ್ಗೆ ಹೊಸ ತಿಳಿವು ಇದರಿಂದ ದೊರೆಯುವುದಿಲ್ಲ. ದೊರೆಯುವುದೆಂದು ಯೋಜನೆಯೂ ಹೇಳಿಕೊಂಡಿಲ್ಲ. ಗ್ರಹವಿಜ್ಞಾನವೇ ಗುರಿಯಾದರೆ ಪ್ರತಿ ರೂಪಾಯಿಗೆ ಹೆಚ್ಚು ಫಲ ನೀಡುವುದು ಮಾನವರಹಿತ ನೌಕೆಯೇ. ಗಗನಯಾನವನ್ನು ಸ್ವಂತ ನಿಲ್ದಾಣಕ್ಕೆ ಹಾಗೂ ದೇಶದ ತಾಂತ್ರಿಕ ಸಾಮರ್ಥ್ಯಕ್ಕೆ ಹೂಡುವ ಬಂಡವಾಳವೆಂದು ಸಮರ್ಥಿಸಿದರೆ ಆ ವಾದಕ್ಕೆ ತನ್ನದೇ ನೆಲೆಯಿದೆ, ಹಾಗೂ ಅದನ್ನು ಆ ನೆಲೆಯ ಮೇಲೆಯೇ ಅಳೆಯತಕ್ಕದ್ದು. ಎರಡು ಲೆಕ್ಕಗಳನ್ನು ಬೆರೆಸಿ, ವಿಜ್ಞಾನದ ಹೆಸರಿನಲ್ಲಿ ಯಾನವನ್ನು ಸಮರ್ಥಿಸುವುದಾಗಲಿ, ಚಂದ್ರಯಾನದ ಅಗ್ಗದ ದರ ತೋರಿಸಿ ಅದನ್ನು ತಿರಸ್ಕರಿಸುವುದಾಗಲಿ ಸರಿಯಲ್ಲ.

ಮೊದಲು 2022ರೊಳಗೆ ಎಂದು ಪ್ರಕಟಿಸಿದ್ದ ಮಾನವಸಹಿತ ಯಾನವನ್ನು ನಂತರ ಮುಂದೂಡಲಾಗಿ, 2025ರಲ್ಲಿ ನೀಡಲಾದ ಮಾಹಿತಿಯಂತೆ 2027ಕ್ಕೆ ನಿಗದಿಪಡಿಸಲಾಗಿತ್ತು. ಇದನ್ನು ವಿಳಂಬವೆಂದು ಟೀಕಿಸುವವರು 2023ರ ಅಕ್ಟೋಬರ್ 21ರ ಬೆಳಿಗ್ಗೆಯನ್ನು ಗಮನಿಸಬಹುದು. ಅಂದು ಶ್ರೀಹರಿಕೋಟಾದಲ್ಲಿ, ಅಪಾಯದಲ್ಲಿ ಗಗನಯಾತ್ರಿಗಳನ್ನು ಪಾರುಮಾಡುವ ವ್ಯವಸ್ಥೆಯ ಪರೀಕ್ಷೆಗೆ ರಾಕೆಟ್ ಸಿದ್ಧವಿತ್ತು. ಐದು ಸೆಕೆಂಡು ಬಾಕಿಯಿರುವಾಗ ಗಣಕವು ತಾನಾಗಿಯೇ ಉಡಾವಣೆಯನ್ನು ತಡೆಹಿಡಿಯಿತು. ಕಾರಣ ಪತ್ತೆಹಚ್ಚಿ, ಸರಿಪಡಿಸಿ, ಹತ್ತು ಗಂಟೆಗೆ ಉಡಾಯಿಸಲಾಯಿತು, ಪರೀಕ್ಷೆ ಯಶಸ್ವಿಯಾಯಿತು. ಮನುಷ್ಯರಿಗಿಂತ ಮೊದಲು ವ್ಯೋಮಮಿತ್ರ ಎಂಬ ಯಂತ್ರಮಾನವಿಯನ್ನು ಕಳುಹಿಸುವ ಕ್ರಮವೂ ಇದೇ ಎಚ್ಚರಿಕೆಯ ಭಾಗ. ಸೇವೆಗಳ ವಿಷಯದಲ್ಲಿ ವಿಳಂಬವನ್ನು ಪ್ರಶ್ನಿಸುವ ಹಕ್ಕು ನಾಗರಿಕರಿಗೆ ಇದ್ದೇ ಇದೆ. ಈ ಒಂದು ವಿಷಯದಲ್ಲಿ, ಪರೀಕ್ಷೆ ಮುಗಿಯುವ ಮುನ್ನ ಗಡುವು ಮುಟ್ಟಿದರೆ ಪ್ರಶ್ನಿಸುವುದು ಹೆಚ್ಚು ಅಗತ್ಯ.

ಸಾರ್ವಜನಿಕರ ಗಮನಕ್ಕೆ

ಬಾಹ್ಯಾಕಾಶ ಕಾರ್ಯಕ್ರಮವು ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುವುದರಿಂದ ಗಗನಯಾನ ಅಥವಾ ಚಂದ್ರಯಾನದ ವೆಚ್ಚಕ್ಕೆ ಸಂಬಂಧಿಸಿದ ಕಡತಗಳು ಈ ಇಲಾಖೆಯಲ್ಲಿ ಲಭ್ಯವಿರುವುದಿಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ವಿವರ ಬಯಸುವವರು ಕೇಂದ್ರ ಬಾಹ್ಯಾಕಾಶ ಇಲಾಖೆ, ಅಂತರಿಕ್ಷ ಭವನ, ನ್ಯೂ ಬಿ.ಇ.ಎಲ್. ರಸ್ತೆ, ಬೆಂಗಳೂರು ಇಲ್ಲಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿರುವುದಿಲ್ಲ. ಒಂಬತ್ತನೇ ತರಗತಿಯ ವಿದ್ಯಾರ್ಥಿಗಳಿಗಾಗಿ ಇಸ್ರೋ 2019ರಲ್ಲಿ ಆರಂಭಿಸಿದ ಯುವಿಕಾ ಶಿಬಿರಕ್ಕೂ, ಶ್ರೀಹರಿಕೋಟಾದಲ್ಲಿ ಉಡಾವಣೆ ವೀಕ್ಷಿಸುವ ಗ್ಯಾಲರಿಯ ಪ್ರವೇಶಕ್ಕೂ ಇಸ್ರೋದ ಜಾಲತಾಣದಲ್ಲಿಯೇ ನೋಂದಾಯಿಸಿಕೊಳ್ಳಬೇಕಾಗಿದ್ದು, ಈ ಇಲಾಖೆಯ ಕಛೇರಿಗಳಲ್ಲಿ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ.